ಮೊಣಕಾಲು ಮಡಚಿಸಿದ ಸಿನಿಮಾಗಳು

ಮಿರಜಿನ ಆಸ್ಪತ್ರೆಯಲ್ಲಿ ನಾನು ಕೆಲಸಕ್ಕೆ ಸೇರಿದಾಗ ಆ ಕೆಲಸಕ್ಕೆ ಜನರ ಬಾಯಲ್ಲಿ ಹೆಸರೇ ಇರಲಿಲ್ಲ. ಫಿಸಿಯೋಥೆರಪಿ ಎಂಬ ಶಬ್ದ ಬಾಗಿಲ ಮೇಲಿನ ಬೋರ್ಡಿನಲ್ಲಷ್ಟೇ ಇತ್ತು. ಸಾಂಗ್ಲಿಯವರು, ಸುತ್ತಲಿನ ಹಳ್ಳಿಯವರು, ಗಡಿಯಾಚೆ ಅಥಣಿ, ರಾಯಬಾಗದಿಂದ ಬಂದವರು ಎಲ್ಲರೂ ನನ್ನನ್ನು ‘ಮಾಲೀಶ ಮಾಡೂ ಅಕ್ಕಾರು’ ಎಂದು ಕರೆಯುತ್ತಿದ್ದರು. ನಾನು ಯಾರಿಗೂ ಮಾಲೀಶು ಮಾಡುತ್ತಿರಲಿಲ್ಲ. ಎಲುಬು ಮುರಿದು ಕೂಡಿದ ಮೇಲೆ ಅದರ ಪಕ್ಕದ ಕೀಲು ಬಿಗಿದುಕೊಂಡಿರುತ್ತದೆ. ಅದನ್ನು ಮತ್ತೆ ಆಡಿಸಬೇಕು. ಆಡಿಸುವವಳು ನಾನಲ್ಲ, ರೋಗಿಯೇ ಆಡಿಸಬೇಕು, ನೋವು ತಿಂದು ಆಡಿಸಬೇಕು. ಹಾಗೆ ಆಡಿಸುವಂತೆ ಅವರ ಮನಸ್ಸು ಒಲಿಸುವುದು ನನ್ನ ಕೆಲಸ. ಇಡೀ ಆಯುಷ್ಯ ಅದನ್ನೇ ಮಾಡಿದೆ, ಚೆನ್ನಾಗಿ ಮಾಡಿದೆ.

ಈಚೆಗೆ ಈ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಪುಸ್ತಕದಲ್ಲಿ ಇಲ್ಲದ್ದು ಏನಾದರೂ ಹೇಳಿ ಎಂದು ಕೇಳಿದರು. ಅವರ ಮುಂದೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿಗಳ ವಿಚಾರ ಬರೆಯುವುದಿಲ್ಲ. ಅವುಗಳಿಂದ ಯಾರ ಮೊಣಕಾಲೂ ಮಡಚಲಿಲ್ಲ. ಸಿನಿಮಾಗಳ ವಿಚಾರ ಬರೆಯುತ್ತೇನೆ.

ನಾನು ಮಿರಜಿನ ಹತ್ತಿರದ ಸಲಗರೆ ಎಂಬ ಊರಿನವಳು. ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆ, ಆಮೇಲೆ ಮರಾಠಿ. ಆಸ್ಪತ್ರೆಯಲ್ಲಿ ಡಾಕ್ಟರು ಮರಾಠಿ ಇಲ್ಲವೆ ಇಂಗ್ಲಿಷ್ ಮಾತಾಡುತ್ತಿದ್ದರು, ಅರ್ಧ ರೋಗಿಗಳಿಗೆ ಕನ್ನಡ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಹಾಗಾಗಿ ಅವರ ಗೋಳೆಲ್ಲ ನನ್ನ ಕಡೆಗೇ ಹರಿದು ಬರುತ್ತಿತ್ತು. “ಅಕ್ಕಾರ, ಎಲುಬು ಕೂಡೇತಿ ಅಂತ ಸಾಹೇಬ್ರ ಹೇಳ್ಯಾರ. ಮತ್ತ್ಯಾಕ ತ್ರಾಸ ಕೊಡ್ತೀರಿ?” ಎಂದು ದೊಡ್ಡ ದೊಡ್ಡ ಗಂಡಸರು ಕಣ್ಣೀರು ಹಾಕುತ್ತಿದ್ದರು. ಕಬ್ಬಿನ ಟ್ರ್ಯಾಕ್ಟರು ಕಾಲ ಮೇಲೆ ಹರಿದಾಗ ಅಳದವರು ನನ್ನ ಕೋಣೆಯಲ್ಲಿ ಅಳುತ್ತಿದ್ದರು.

ತೊಂಬತ್ತರ ದಶಕದಲ್ಲಿ ಮಿರಜಿನ ಪೇಟೆಗೆ ಹೊಸ ಹೊಸ ಟೀವಿಗಳು ಬರತೊಡಗಿದವು. ಮನೆಯ ಮಾಳಿಗೆಗಳ ಮೇಲೆ ಕೊಡೆ ಬಿಚ್ಚಿಟ್ಟಂತೆ ಡಿಶ್‌ಗಳು ಕಾಣಿಸಿಕೊಂಡವು. ಪೇಟೆಯ ಅಡತಿ ವ್ಯಾಪಾರಿಯೊಬ್ಬರು, ನಮ್ಮ ಕಡೆಯ ಲಿಂಗಾಯತರು, ತೋಳು ಮುರಿದುಕೊಂಡು ನನ್ನಲ್ಲಿ ವ್ಯಾಯಾಮಕ್ಕೆ ಬಂದಿದ್ದರು. ವಾಸಿಯಾಗಿ ಹೋದ ಮೇಲೆ ಮನೆಗೆ ಹೊಸ ಟೀವಿ ತಂದು, ಹಳೆಯ ಟೀವಿಯನ್ನೂ ಅದರ ಜೊತೆಗಿದ್ದ ವಿಸಿಆರನ್ನೂ ಕೈಗಾಡಿಯ ಮೇಲೆ ಹೇರಿ ನನ್ನ ವ್ಯಾಯಾಮದ ಕೋಣೆಗೆ ಕಳಿಸಿಬಿಟ್ಟರು. ಇಟ್ಟುಕೊಳ್ಳಲು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಯಾರೂ ಹೂಂ ಅನ್ನುತ್ತಿರಲಿಲ್ಲ.

ಕ್ಯಾಸೆಟ್ಟು ಎಲ್ಲಿಂದ ತರುವುದು? ಸ್ಟೇಶನ್ನಿನ ಹತ್ತಿರ ಸಲೀಂಭಾಯಿ ಎಂಬುವರ ವಿಡಿಯೋ ಲೈಬ್ರರಿ ಇತ್ತು. ಹೋಗಿ ಕೇಳಿದೆ. ಅವರು ತಲೆ ಕೆರೆದುಕೊಂಡರು.

“ಪ್ರೀತಿ ಪ್ರೇಮದ್ದು ಕೊಡಾಕ ಆಗೂದಿಲ್ರಿ ಬೆಹೆನ್‌ಜಿ, ಬಾಡಿಗಿ ಹೋಗ್ತಾವ. ಹೊಡೆದಾಟದ್ದೂ ಹೋಗ್ತಾವ. ಈ ಆಟದ ಸಿನಿಮಾ ಅದಾವಲ್ರಿ, ಇವನ್ನ ಯಾರೂ ಮುಟ್ಟೂದಿಲ್ಲ. ಧೂಳ ತಿನ್ನಾಕತ್ಯಾವ. ಒಯ್ರಿ, ಬೇಕಾದಷ್ಟ ದಿನ ಇಟ್ಕೋರಿ.”

ಹೀಗೆ, ಬೇಡವಾದ ಮಾಲಾಗಿ, ಆಟದ ಸಿನಿಮಾಗಳು ನನ್ನ ಕೋಣೆಗೆ ಬಂದವು. ಈಜಿನದು, ಸೈಕಲ್ಲಿನದು, ಓಟದ್ದು, ಕುಸ್ತಿಯದು, ಫುಟ್‌ಬಾಲಿನದು, ಬಾಕ್ಸಿಂಗಿನದು. ಕೆಲವು ಹಿಂದಿ, ಕೆಲವು ಇಂಗ್ಲಿಷ್, ಕೆಲವು ಯಾವ ದೇಶದ ಭಾಷೆಯೋ ಗೊತ್ತಿಲ್ಲ. ಹೆಸರಿನ ಚೀಟಿಗಳು ಎಂದೋ ಕಿತ್ತುಹೋಗಿದ್ದವು. ನಾವು ಆಟದ ಹೆಸರಿನಿಂದಲೇ ಕರೆಯುತ್ತಿದ್ದೆವು.

ಮೊದಲನೆಯ ವಾರವೇ ಒಂದು ಫಜೀತಿ ಮಾಡಿಕೊಂಡೆ. ಬಾಕ್ಸಿಂಗಿನ ಸಿನಿಮಾ ಹಚ್ಚಿದೆ. ಬಡವರ ಮನೆಯ ಹುಡುಗ, ಬಂದರಿನಲ್ಲಿ ಮೂಟೆ ಹೊರುತ್ತಾನೆ, ಬೆಳಗಾಗುತ್ತಲೂ ಓಡುತ್ತಾನೆ, ಹಗ್ಗ ಜಿಗಿಯುತ್ತಾನೆ. ನಮ್ಮವರಿಗೆ ಹುರುಪು ಬಂತು. ಅವನು ಹಗ್ಗ ಜಿಗಿದರೆ ಇವರು ಕಾಲು ಎತ್ತಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಮೂರನೆಯ ದಿನ ಸಿನಿಮಾ ಮುಗಿಯಿತು. ಕಡೆಯ ಪಂದ್ಯದಲ್ಲಿ ಗೆದ್ದ ಹುಡುಗ ಅದೇ ಕಣದಲ್ಲಿ ಬಿದ್ದು ಸತ್ತ! ಮರುದಿನ ವ್ಯಾಯಾಮಕ್ಕೆ ಕರೆದರೆ ಒಬ್ಬರೂ ಹಾಸಿಗೆ ಬಿಟ್ಟು ಏಳಲೊಲ್ಲರು.

“ಅಷ್ಟ ಬೆವರ ಸುರಿಸಿ ಸತ್ತನಲ್ರೀ ಅಕ್ಕಾರ. ನಾವು ಹಿಂಗ ಸಾವಕಾಶ ಇರ್ತೇವಿ ಬಿಡ್ರಿ” ಎಂದರು.

ಹೊಸಬರಿಗೆ ನಾನು ಹೇಳುವ ಮೊದಲನೆಯ ಮಾತು ಇದು: ರೋಗಿಗೆ ಏನನ್ನಾದರೂ ತೋರಿಸುವ ಮೊದಲು ಅದರ ಕೊನೆಯನ್ನು ನೀವು ನೋಡಿರಬೇಕು.

ಆಮೇಲೆ ಎಲ್ಲ ಕ್ಯಾಸೆಟ್ಟುಗಳನ್ನು ನಾನೇ ಕುಳಿತು ನೋಡಿದೆ. ನೋಡುತ್ತ ನೋಡುತ್ತ ಒಂದು ವಿಷಯ ಹೊಳೆಯಿತು. ಆಟ ಯಾವುದೇ ಇರಲಿ, ದೇಶ ಯಾವುದೇ ಇರಲಿ, ಪ್ರತಿ ಸಿನಿಮಾದ ನಡುವೆ ತಾಲೀಮಿನ ಒಂದು ಭಾಗ ಇದ್ದೇ ಇರುತ್ತದೆ. ಬಿದ್ದವನು ಎದ್ದು, ಬೆವರು ಒರೆಸಿಕೊಂಡು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವ ಭಾಗ. ನೋಡುವವರಿಗೆ ಅದು ಅಷ್ಟಕ್ಕಷ್ಟೆ, ಕಡೆಯ ಪಂದ್ಯ ಯಾವಾಗ ಬರುತ್ತದೋ ಎಂದು ಕಾಯುತ್ತಿರುತ್ತಾರೆ. ನನಗೆ ಮಾತ್ರ ಆ ಭಾಗವೇ ಸಿನಿಮಾ. ಅಷ್ಟನ್ನೇ ಹಚ್ಚುವುದು, ಮುಗಿದೊಡನೆ ಹಿಂದೆ ತಿರುಗಿಸಿ ಮತ್ತೆ ಅದನ್ನೇ ಹಚ್ಚುವುದು. ಕಡೆಯ ಪಂದ್ಯ ಮಾತ್ರ ತೋರಿಸುತ್ತಿರಲಿಲ್ಲ. “ಮೊಣಕಾಲು ಕಾಟಕೋನಕ್ಕ ಬರ್ಲಿ, ಆಮ್ಯಾಲ ಫೈನಲ್ ತೋರಸ್ತೇನಿ” ಅನ್ನುತ್ತಿದ್ದೆ. ಲಂಬಕೋನಕ್ಕೆ ನಮ್ಮ ಕಡೆ ಕಾಟಕೋನ ಅನ್ನುತ್ತಾರೆ. ರೋಗಿಗಳು ನನ್ನನ್ನು ಬೈದ ಬೈಗುಳಗಳು ಬರೆಯುವಂಥವಲ್ಲ. ಆದರೆ ಕಾಲು ಮಡಚುತ್ತಿದ್ದರು.

ಈಗ ಕೇಳಿದರೆ ಆ ಸಿನಿಮಾಗಳನ್ನು ನಾನು ನನ್ನ ಕೆಲಸದ ಕಣ್ಣಿನಿಂದಲೇ ಅಳೆಯುತ್ತೇನೆ. ಮೊಣಕಾಲಿಗೆ ಸೈಕಲ್ಲಿನ ಸಿನಿಮಾದಂಥ ಔಷಧ ಇನ್ನೊಂದಿಲ್ಲ. ಪರದೆಯ ಮೇಲೆ ಹುಡುಗ ಗುಡ್ಡ ಏರುವಾಗ ನೋಡುವವರ ಕಾಲು ತಾನಾಗಿಯೇ ಪೆಡಲು ತುಳಿಯುತ್ತದೆ. ಭುಜಕ್ಕೆ ಈಜಿನದು. ಬೆನ್ನಿಗೆ ಕುಸ್ತಿಯದು, ಆದರೆ ನಮ್ಮ ಕಡೆಯ ಗಂಡಸರು ಗರಡಿಯಲ್ಲಿ ಬೆಳೆದವರಾದ್ದರಿಂದ ಪಟ್ಟು ತಪ್ಪು ಎಂದು ಜಗಳ ಹಚ್ಚುತ್ತಿದ್ದರು. ಕ್ರಿಕೆಟ್ಟಿನ ಸಿನಿಮಾ ಮೆಚ್ಚುವವರು ಕ್ಷಮಿಸಬೇಕು, ಅದು ನನಗೆ ಯಾವ ಕೆಲಸಕ್ಕೂ ಬರಲಿಲ್ಲ. ಅದರಲ್ಲಿ ಜನ ಬರೇ ನಿಂತಿರುತ್ತಾರೆ.

ನನ್ನೂರಿನವಳೇ ಆದ ಗಂಗವ್ವ ಎಂಬ ಮುದುಕಿ ಸೊಂಟದ ಎಲುಬು ಮುರಿದುಕೊಂಡು ಬಂದಿದ್ದಳು. ಹುಟ್ಟಿ ಒಂದು ಸಿನಿಮಾ ನೋಡಿದವಳಲ್ಲ. ಅವಳಿಗೆ ಈಜಿನ ಸಿನಿಮಾ ಬಹಳ ಹಿಡಿಸಿತು. ಮೊದಲನೆಯ ದಿನ ಬಾಯಿ ತೆರೆದು ನೋಡಿದಳು, ನೋಡಿ ಕೇಳಿದಳು:

“ಅಲ್ಲಬೇ, ಇಷ್ಟ ನೀರ ಇಟ್ಕೊಂಡು ಬರೇ ಈಜ್ತಾರ ಏನು? ಒಂದ ಬೆಳಿ ತಗೀಬಾರ್ದಾ?”

ಆದರೂ ಆ ಈಜುವ ಹುಡುಗಿಯ ಮೇಲೆ ಅವಳಿಗೆ ಮಮತೆ ಬೆಳೆಯಿತು. ಆ ಹುಡುಗಿ ನೀರಿಗೆ ಹಾರುವ ಮೊದಲು ತಾನೂ ವಾಕರು ಹಿಡಿದು ಎದ್ದು ನಿಲ್ಲುವಳು. “ಏಳ ಮಗಳ, ನಾನೂ ಎದ್ದೇನಿ” ಅನ್ನುವಳು. ಅವಳ ಮಗ ಒಂದು ದಿನ ಅವಸರದಲ್ಲಿ ಬಂದು ಡಿಸ್ಚಾರ್ಜು ಮಾಡಿಸಿಕೊಂಡು ಹೋದ. ಕಡೆಯ ಪಂದ್ಯ ನೋಡುವುದು ಉಳಿದೇ ಹೋಯಿತು. ಮುಂದಿನ ತಿಂಗಳು ತಪಾಸಣೆಗೆ ಬಂದಾಗ ಡಾಕ್ಟರ ಕಡೆಗೆ ಹೋಗದೆ ಮೊದಲು ನನ್ನ ಕೋಣೆಗೇ ಬಂದಳು. ಕೈಯಲ್ಲಿ ವಾಕರು ಇರಲಿಲ್ಲ, ಒಂದು ಕೋಲು ಮಾತ್ರ ಇತ್ತು. ಬಸ್‌ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಳು.

“ಆ ಹುಡುಗಿ ಗೆದ್ಲೋ ಇಲ್ಲೋ? ಅಷ್ಟ ತೋರ್ಸಬೇ, ಜೀವ ತಡೀವಲ್ದು.”

ತೋರಿಸಿದೆ. ಗೆದ್ದಾಗ ಅವಳು ಟೀವಿಯ ಗಾಜಿಗೆ ಕೈ ಮುಟ್ಟಿಸಿ ದೃಷ್ಟಿ ತೆಗೆದಳು.

ನಮ್ಮ ಎಲುಬಿನ ವಿಭಾಗಕ್ಕೆ ಮುಖ್ಯರಾಗಿದ್ದ ದೊಡ್ಡ ಡಾಕ್ಟರು ಮರಾಠಿಯವರು, ಬಹಳ ಶಿಸ್ತಿನ ಮನುಷ್ಯ. ಎತ್ತರದ ದನಿಯಲ್ಲಿ ಎಂದೂ ಮಾತಾಡಿದವರಲ್ಲ, ಅದಕ್ಕೇ ಎಲ್ಲರೂ ಅಂಜುತ್ತಿದ್ದರು. ಕೋಟಿನ ಕಿಸೆಯಲ್ಲಿ ಕೀಲಿನ ಕೋನ ಅಳೆಯುವ ಒಂದು ಸ್ಟೀಲಿನ ಪಟ್ಟಿ ಸದಾ ಇರುತ್ತಿತ್ತು. ಟೀವಿ ಬಂದ ದಿನದಿಂದ ಅವರಿಗೆ ಅದರ ಮೇಲೆ ಸಿಟ್ಟು. ಬಾಗಿಲಲ್ಲಿ ನಿಂತು, “ಇದು ಆಸ್ಪತ್ರೆಯೋ ಟಾಕೀಜೋ?” ಎಂದು ಮರಾಠಿಯಲ್ಲಿ ಕೇಳಿ ಹೋಗುತ್ತಿದ್ದರು. ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕೆಲವರು ಕಾಲು ಮಡಚುವುದನ್ನು ಬಿಟ್ಟು ಬರೇ ಸಿನಿಮಾ ನೋಡುತ್ತ ಕೂರುತ್ತಿದ್ದದ್ದೂ ಉಂಟು.

ಅಂಥ ದಿನಗಳಲ್ಲಿ ರೇಖಾ ಬಂದಳು.

ರೇಖಾ ಬುಧಗಾಂವದ ಹುಡುಗಿ, ಇಪ್ಪತ್ತರ ಒಳಗಿನವಳು. ಜೈನರು, ಮನೆಯಲ್ಲಿ ಕನ್ನಡ. ತಂದೆ ಧನಪಾಲ ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಹುಡುಗಿ ಕಬಡ್ಡಿ ಆಡುತ್ತಿದ್ದಳು. ಎದುರು ತಂಡದ ಪಾಳಿಯೊಳಗೆ ನುಗ್ಗಿ ಮುಟ್ಟಿ ಬರುವುದಕ್ಕೆ ನಮ್ಮ ಕಡೆ ಚಢಾಯಿ ಅನ್ನುತ್ತಾರೆ. ಚಢಾಯಿಯಲ್ಲಿ ಸುತ್ತಲಿನ ಊರುಗಳಲ್ಲಿ ಅವಳಿಗೆ ಹೆಸರಿತ್ತು. ಒಂದು ಪಂದ್ಯ ಗೆದ್ದು ತಂದೆಯ ಮೋಟರ್‌ಸೈಕಲ್ಲಿನ ಹಿಂದೆ ಕುಳಿತು ಬರುವಾಗ ಸಾಂಗ್ಲಿ ಮಿರಜಿನ ನಡುವಿನ ರಸ್ತೆಯಲ್ಲಿ ಟೆಂಪೋ ಒಂದು ಬಡಿಯಿತು. ಆ ರಸ್ತೆಯನ್ನು ಆಗಷ್ಟೇ ಅಗಲ ಮಾಡಿದ್ದರು, ಗಾಡಿಗಳು ಮೊದಲಿಗಿಂತ ಜೋರಾಗಿ ಓಡತೊಡಗಿದ್ದವು. ತಂದೆಗೆ ಮೈ ತರಚಿತು, ಅಷ್ಟೆ. ಮಗಳ ತೊಡೆಯ ಎಲುಬು ಮುರಿಯಿತು.

ಆಪರೇಶನ್ ಮಾಡಿ ಎಲುಬಿನೊಳಗೆ ಸರಳು ಕೂಡಿಸಿ ಮನೆಗೆ ಕಳಿಸಿದ್ದರು. ಮನೆಯಲ್ಲಿ ಮಡಚಿದರೆ ನೋವಾದೀತೆಂದು ಹಿಮ್ಮಡಿಯ ಕೆಳಗೆ ದಿಂಬು ಇಟ್ಟು, ಕಾಲು ಚಾಚಿಯೇ ಮಲಗಿಸಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಮತ್ತೆ ಬಂದು ಆಸ್ಪತ್ರೆಗೆ ಸೇರಿದಾಗ ಎಲುಬು ಚೆನ್ನಾಗಿ ಕೂಡಿತ್ತು, ಮೊಣಕಾಲು ಮಾತ್ರ ಕಟ್ಟಿಗೆಯಾಗಿತ್ತು. ಸ್ವಲ್ಪವೇ ಸ್ವಲ್ಪ ಬಾಗುತ್ತಿತ್ತು. ಬಸ್ಸಿನ ಸೀಟಿನಲ್ಲಿ ಕೂರುವುದಕ್ಕೂ ಸಾಲದು, ನೆಲದ ಮೇಲೆ ಕುಳಿತು ಉಣ್ಣುವ ಮಾತು ದೂರವೇ ಉಳಿಯಿತು.

ದೊಡ್ಡ ಡಾಕ್ಟರು ಎಕ್ಸ್‌ರೇ ನೋಡಿ ನನ್ನನ್ನು ಕರೆದರು. “ಮುಂದಿನ ಸೋಮವಾರದ ರೌಂಡಿಗೆ ಇದು ಕಾಟಕೋನದ ಹತ್ತಿರ ಬರದಿದ್ದರೆ ಮತ್ತಿನ ಔಷಧ ಕೊಟ್ಟು ನಾನೇ ಬಗ್ಗಿಸುತ್ತೇನೆ. ಅದರಲ್ಲಿ ಅಪಾಯ ಇದೆ, ನಿಮಗೆ ಗೊತ್ತು. ಹಾಗೆ ಮಾಡಬೇಕಾಗಿ ಬಂದರೆ, ಆ ಟೀವಿಯನ್ನು ನಿಮ್ಮ ಕೋಣೆಯಿಂದ ಅದೇ ದಿನ ತೆಗೆಸುತ್ತೇನೆ” ಎಂದರು. ಅಪಾಯ ನನಗೆ ಚೆನ್ನಾಗಿ ಗೊತ್ತಿತ್ತು. ಜೋರಿನಿಂದ ಬಗ್ಗಿಸುವಾಗ ಒಳಗೆ ಏನಾದರೂ ಹರಿದರೆ ಆ ಕಾಲು ಮತ್ತೆ ಆಟಕ್ಕೆ ಬರುವುದು ಕಷ್ಟ.

ನಾನು ಗೆಲ್ಲುತ್ತೇನೆ ಎಂದುಕೊಂಡಿದ್ದೆ. ಆಡುವ ಹುಡುಗಿ, ನನ್ನ ಬಳಿ ಆಟದ ಸಿನಿಮಾ. ಇನ್ನೇನು ಬೇಕು? ಸೈಕಲ್ಲಿನ ಕ್ಯಾಸೆಟ್ಟು ಹಚ್ಚಿದೆ. ರೇಖಾ ಒಮ್ಮೆ ನೋಡಿ ಗೋಡೆಯ ಕಡೆ ಮುಖ ತಿರುಗಿಸಿದಳು. ಓಟದ್ದು ಹಚ್ಚಿದೆ. ಕಣ್ಣು ಮುಚ್ಚಿಕೊಂಡಳು. ಕಾಲು ಮಡಚು ಎಂದರೆ ಎರಡು ಸಲ ಮಡಚಿದಂತೆ ಮಾಡಿ ಸುಮ್ಮನಾಗುವಳು. ಹಟ ಮಾಡಲಿಲ್ಲ, ಅಳಲಿಲ್ಲ, ಎದುರಾಡಲಿಲ್ಲ. ಅಳುವವರನ್ನು ನಾನು ಸಂಭಾಳಿಸಬಲ್ಲೆ. ಸುಮ್ಮನಿರುವವರ ಮುಂದೆ ನನ್ನ ವಿದ್ಯೆ ನಡೆಯುತ್ತಿರಲಿಲ್ಲ.

ತಂದೆ ಧನಪಾಲ ದಿನಾ ಮಧ್ಯಾಹ್ನ ಗಿರಣಿ ಮುಚ್ಚಿ ಬಸ್ಸಿಗೆ ಬರುತ್ತಿದ್ದರು. ಆ ಅಪಘಾತದ ನಂತರ ಮೋಟರ್‌ಸೈಕಲ್ಲು ಮುಟ್ಟಿರಲಿಲ್ಲ. ಬರುವಾಗ ಒಂದು ಚೀಲದಲ್ಲಿ ಮಗಳ ಪದಕಗಳನ್ನೆಲ್ಲ ತಂದು ಅವಳ ಮುಂದೆ ಸಾಲಾಗಿ ಇಡುತ್ತಿದ್ದರು. “ಮುಂದಿನ ಹಂಗಾಮಕ್ಕ ಮತ್ತ ಆಡ್ತೀ ನೋಡವಾ. ಟೀಮಿನವ್ರು ದಿನಾ ಕೇಳ್ತಾರ” ಅನ್ನುವರು. ಅವಳು ಹೂಂ ಅನ್ನುವಳು. ಅವರು ಹೋದ ಮೇಲೆ ಆ ಪದಕಗಳ ಮೇಲೆ ಟಾವೆಲ್ಲು ಮುಚ್ಚುವಳು.

ಗುರುವಾರವೋ ಶುಕ್ರವಾರವೋ ಅವಳ ಹತ್ತಿರ ಸ್ಟೂಲು ಎಳೆದುಕೊಂಡು ಕುಳಿತು ಕೇಳಿದೆ: “ಯಾಕವಾ, ಈ ಸಿನಿಮಾ ಕಂಡ್ರ ಅಷ್ಟ್ಯಾಕ ಸಿಟ್ಟು?”

ಗೋಡೆಯ ಕಡೆ ಮುಖ ಇಟ್ಟುಕೊಂಡೇ ಹೇಳಿದಳು.

“ಅವರೆಲ್ಲಾ ಕಡೀಕ ಗೆದ್ದ ಗೆಲ್ತಾರ್ರಿ ಅಕ್ಕಾರ. ಅಪ್ಪನೂ ಹಂಗ ಹೇಳ್ತಾನ. ನಾ ಗೆಲ್ಲಲಿಲ್ಲಂದ್ರ? ಆಡಾಕ ಅಂಜಿಕಿ ಬರ್ತೈತಿ ನಂಗ. ಗಾಡಿ ಬಡದದ್ದು ಕಣ್ಣಿಗಿ ಕಟ್ತೈತಿ. ಹಂಗಂತ ಅಂದ್ರ ಅಪ್ಪಾ ಎದಿ ಒಡಕೊಂತಾನ. ನಾನ ಗಾಡಿ ಹೊಡೀತಿದ್ದೆ ಅಂತ ಈಗ ಹಗಲೆಲ್ಲಾ ಅಳ್ತಾನ. ಅದಕ್ಕ ಹೂಂ ಅಂತೇನಿ.”

ಕಾಲು ಮಡಚಿದರೆ ಆಡಬೇಕಾಗುತ್ತದೆ. ಆಡಿ ಸೋತರೆ ಅಪ್ಪ ಕುಸಿಯುತ್ತಾನೆ. ಮಡಚದಿದ್ದರೆ ಯಾವುದೂ ಇಲ್ಲ. ಆ ಮೊಣಕಾಲು ಯಾಕೆ ಬಗ್ಗುತ್ತಿಲ್ಲ ಎಂಬುದು ನನಗೆ ಆಗ ತಿಳಿಯಿತು. ಅದನ್ನು ಯಾವ ಎಕ್ಸ್‌ರೇಯೂ ತೋರಿಸುವಂತಿರಲಿಲ್ಲ.

ಅಂದು ಮಧ್ಯಾಹ್ನ ಧನಪಾಲರನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಹೇಳಿದೆ. “ಕಾಕಾ, ನಾಳಿಂದ ಪದಕ ತರಬ್ಯಾಡ್ರಿ. ಆಟದ ಮಾತೂ ತಗೀಬ್ಯಾಡ್ರಿ.”

“ಅದನ್ನೂ ಬಿಟ್ರ ನಾ ಏನ ಮಾತಾಡ್ಲಿರಿ ಅಕ್ಕಾರ, ಆಕಿ ಸಂಗಾಟ?” ಎಂದು ಆ ಮನುಷ್ಯ ನನ್ನ ಮುಖ ನೋಡಿದರು. “ಗಿರಣಿ ವಿಚಾರ ಮಾತಾಡ್ರಿ” ಎಂದೆ.

ಶನಿವಾರ ಸಲೀಂಭಾಯಿಯ ಅಂಗಡಿಗೆ ಹೋದೆ. ಕೇಬಲ್ಲು ಬಂದ ಮೇಲೆ ಅವರ ವ್ಯಾಪಾರ ಕುಗ್ಗಿತ್ತು, ಅಂಗಡಿ ಮುಚ್ಚುವ ಮಾತಾಡುತ್ತಿದ್ದರು. ಒಂದು ಮೂಲೆಯಿಂದ ಕ್ಯಾಸೆಟ್ಟು ಹೆಕ್ಕಿ ಕೊಟ್ಟರು. “ಇದು ಕಬಡ್ಡಿದ್ದರಿ. ಮದ್ರಾಸ ಕಡೆಯದು ಇರಬೇಕು. ಭಾಳ ಕೆಟ್ಟ ಸಿನಿಮಾ. ಒಮ್ಮಿ ಒಯ್ದವ್ರು ಅರ್ಧಾ ನೋಡಿ ತಂದ ಒಗದಾರ.” ಕೊನೆಯನ್ನು ನೋಡಿದೆ, ಯಾರೂ ಸಾಯುವುದಿಲ್ಲ. ಅಷ್ಟು ಸಾಕು ಎಂದುಕೊಂಡೆ. ರೇಖಾಳಿಗಾಗಿ ತಂದದ್ದೂ ಅಲ್ಲ ಅದು. ಉಳಿದ ರೋಗಿಗಳಿಗೆ ಹೊಸದು ಬೇಕಾಗಿತ್ತು. ಅವಳ ವಿಷಯದಲ್ಲಿ ನಾನು ಕೈ ಚೆಲ್ಲಿದ್ದೆ.

ಭಾನುವಾರ ಮಧ್ಯಾಹ್ನ ಹಚ್ಚಿದೆ. ಕೋಣೆಯಲ್ಲಿ ಹತ್ತಾರು ಜನ. ರೇಖಾ ಎಂದಿನಂತೆ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಪಕ್ಕದಲ್ಲಿ ಧನಪಾಲ, ಮಾತಾಡಲು ಏನೂ ತೋಚದೆ ಟೀವಿ ನೋಡುತ್ತಿದ್ದರು. ಸಿನಿಮಾದ ಹೀರೋ ತೊಡೆ ತಟ್ಟಿ ಹೊರಟ. ಎದುರು ಪಾಳಿಯವರು ಸಾಲಾಗಿ ನಿಂತರು. ಅವನು ಒಂದೇ ನೆಗೆತಕ್ಕೆ ಎಲ್ಲರ ತಲೆಯ ಮೇಲೆ ಹಾರಿ ಆಚೆ ಇಳಿದು, ಹಿಂದಿನಿಂದ ಎಲ್ಲರನ್ನೂ ಮುಟ್ಟಿ ಬಂದ. ಕೋಣೆಯಲ್ಲಿ ಚಪ್ಪಾಳೆ.

“ಆಹಾ! ಹೆಂಗ ಹಾರಿದ ನೋಡವಾ!” ಎಂದು ಧನಪಾಲರ ಬಾಯಿಂದ ತಪ್ಪಿ ಬಂತು.

ರೇಖಾ ಗೋಡೆಯ ಕಡೆಯಿಂದ ತಿರುಗಿದಳು.

“ಏನ ಹಾರೂದದು? ಹಂಗ ಹಾರಿದ್ರ ಮಗ್ಗಲಾಗಿನಾಕಿ ಕಾಲ ಹಿಡದ ನೆಲಕ್ಕ ಕೆಡವ್ತಾಳ.”

“ಯಾಕ, ಮುಟ್ಟಿ ಬಂದನಲ್ಲ?” ಧನಪಾಲ ಮಗಳು ಮಾತಾಡಿದಳೆಂಬ ಸಂತೋಷಕ್ಕೋ ಏನೋ, ಹೀರೋನ ಪಕ್ಷ ಹಿಡಿದರು.

“ನಿಂಗೇನ ತಿಳೀತೈತಪ್ಪಾ! ಗೆರಿ ದಾಟಿದ ಮ್ಯಾಲ ಉಸರ ಎಲ್ಲಿ ಹಿಡದಾನ? ಕಬಡ್ಡಿ ಕಬಡ್ಡಿ ಅನ್ನೂದ ಬಿಟ್ಟ ಹಾಡ ಹಾಡಾಕತ್ಯಾನ. ಕಾಲ ನೋಡು, ಎರಡೂ ಕಾಲ ಕೂಡಿಸಿ ನಿಂತಾನ. ಕೆಳಗ ಕುಂದ್ರಬೇಕು, ಒಂದ ಕಾಲ ಮುಂದ ಬಿಡಬೇಕು. ಬಾ ಇಲ್ಲಿ.”

“ಎಲ್ಲಿ?”

“ಇಲ್ಲಿ ನಿಂದ್ರು. ನೀ ಪಕಡ ಮಾಡಾಂವ.”

ನಡೆಯಲು ಕಲಿಸುವ ಎರಡು ಕಬ್ಬಿಣದ ಕಂಬಿಗಳು ಕೋಣೆಯ ನಡುವೆ ಇದ್ದವು. ರೇಖಾ ಎದ್ದು ಬಂದು ಅವನ್ನು ಎರಡೂ ಕೈಯಿಂದ ಹಿಡಿದು ನಿಂತಳು. ನಾನು ಅವಳ ಹಿಂದೆ ಹೋಗಿ ಸೊಂಟದ ಹತ್ತಿರ ಕೈ ಇಟ್ಟು ನಿಂತೆ. ಧನಪಾಲ ಆ ತುದಿಯಲ್ಲಿ ಧೋತರ ಎತ್ತಿ ಕಟ್ಟಿ, ಕೈ ಚಾಚಿ, ಹಿಡಿಯುವವರಂತೆ ಬಾಗಿದರು. ಯಾರೋ ಟೀವಿಯ ಸದ್ದು ಇಳಿಸಿದರು.

“ಕಬಡ್ಡಿ ಕಬಡ್ಡಿ ಕಬಡ್ಡಿ…” ಸಣ್ಣ ದನಿಯಲ್ಲಿ ಹೇಳುತ್ತ ಅವಳು ಎಡಕ್ಕೆ ವಾಲಿದಂತೆ ಮಾಡಿದಳು. ಧನಪಾಲ ಅತ್ತ ಸರಿದರು. ಅಷ್ಟರಲ್ಲಿ ಅವಳ ಸರಿಯಿದ್ದ ಕಾಲು ನೆಲ ಸವರುತ್ತ ಮುಂದೆ ಚಾಚಿತು. ಅದು ಹಾಗೆ ಚಾಚಬೇಕಾದರೆ ಹಿಂದಿನ ಕಾಲು ಬಾಗಲೇಬೇಕು. ಹಿಂದಿನದು ಆ ಮುರಿದ ಕಾಲು. ಅದು ಬಾಗಿತು. ನನ್ನ ಕಣ್ಣೆದುರು ಬಾಗಿತು, ನಾನು ಒಂದು ವಾರದಿಂದ ಎಷ್ಟು ಬೇಡಿಕೊಂಡಿದ್ದೆನೋ ಅದಕ್ಕಿಂತ ಹೆಚ್ಚು ಬಾಗಿತು. ಅವಳ ಕಾಲಬೆರಳ ತುದಿ ತಂದೆಯ ಪಾದಕ್ಕೆ ತಗುಲಿತು.

“ಔಟ್!” ಎಂದು ಕೂಗಿದಳು. ಮರುಕ್ಷಣವೇ ನೋವಿಗೆ “ಆಯೀ ಗಂ!” ಎಂದು ಚೀರಿದಳು.

ಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ಮುಖವೆಲ್ಲ ಬೆವರು, ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಮೊಣಕಾಲು ಮುಟ್ಟಿ ನೋಡಿದೆ, ಬಾವು ಇರಲಿಲ್ಲ. ಧನಪಾಲ ಔಟಾದ ಜಾಗದಲ್ಲೇ ನಿಂತಿದ್ದರು. ಅವರು ಅಳುತ್ತಿದ್ದಾರೆಂದು ರೇಖಾ ಕಂಡಳು.

“ಅಪ್ಪಾ, ಔಟಾದಾಂವ ಹೊರಗ ಹೋಗ್ಬೇಕು. ಅಲ್ಲೇ ನಿಂತ ಅಳಾಕ ರೂಲ್ ಇಲ್ಲ” ಎಂದಳು. ಆಮೇಲೆ ದನಿ ತಗ್ಗಿಸಿ, “ಆಡ್ತೇನೋ ಇಲ್ಲೋ ನಂಗ ಗೊತ್ತಿಲ್ಲಪ್ಪಾ. ಅಂಜಿಕಿ ಐತಿ” ಎಂದಳು.

“ಬಿಡವಾ” ಎಂದರು ಅವರು ಕಣ್ಣೊರೆಸಿಕೊಳ್ಳುತ್ತ. “ಆಡದಿದ್ರ ಬಿಡು. ನನ್ನ ಸಂಗಾಟ ಹಿಂಗ ಜಗಳಾ ಆಡು, ಸಾಕು.”

ಅಂದು ಸಂಜೆಯವರೆಗೆ ಆ ಹುಡುಗಿ ಸಿನಿಮಾದಲ್ಲಿ ಎಷ್ಟು ತಪ್ಪುಗಳಿವೆಯೋ ಎಲ್ಲವನ್ನೂ ತೋರಿಸಿದಳು. ಒಂದೊಂದು ತಪ್ಪಿಗೂ ಒಂದೊಂದು ಸಲ ಕಾಲು ಬಗ್ಗಿಸಿ ಸರಿಯಾದದ್ದು ಹೇಗೆ ಎಂದು ವಿವರಿಸಿದಳು. ನಡುನಡುವೆ ದಣಿವಾರಿಸಿಕೊಳ್ಳಲು ನಾನೇ ಕೂರಿಸಬೇಕಾಯಿತು. ನಾನು ಅಂದು ಸಿನಿಮಾವನ್ನು ಮೊದಲಿನಿಂದ ಕೊನೆಯತನಕ ಹಚ್ಚಿದೆ. ತಪ್ಪುಗಳು ಕೊನೆಯಲ್ಲೇ ಹೆಚ್ಚು ಇದ್ದವು.

ಸೋಮವಾರ ರೌಂಡಿಗೆ ದೊಡ್ಡ ಡಾಕ್ಟರು ಬಂದರು. ಕಿಸೆಯಿಂದ ಸ್ಟೀಲಿನ ಪಟ್ಟಿ ತೆಗೆದು ಅವಳ ಮೊಣಕಾಲಿಗೆ ಹಿಡಿದರು. ಕಾಟಕೋನಕ್ಕೆ ತೀರ ಸಮೀಪ ಬಂದಿತ್ತು. ನಂಬಿಕೆಯಾಗದೆ ಇನ್ನೊಮ್ಮೆ ಅಳೆದರು.

“ಏನು ಮಾಡಿದಿರಿ?” ಎಂದು ನನ್ನನ್ನು ಕೇಳಿದರು.

“ಒಂದು ಕೆಟ್ಟ ಸಿನಿಮಾ ತೋರಿಸಿದೆ ಸರ್” ಎಂದೆ.

ಅವರು ನನ್ನನ್ನು ನೋಡಿದರು, ರೇಖಾಳನ್ನು ನೋಡಿದರು, ಪಟ್ಟಿಯನ್ನು ಕಿಸೆಗೆ ಇಳಿಸಿದರು. “ಇನ್ನೊಂದೆರಡು ಕೆಟ್ಟವು ತರಿಸಿಡಿ” ಎಂದು ಹೇಳಿ ಮುಂದಿನ ಹಾಸಿಗೆಗೆ ನಡೆದರು. ಅವರ ಬಾಯಿಂದ ನನಗೆ ಸಿಕ್ಕ ಶಾಭಾಸ್‌ಗಿರಿ ಅದೊಂದೇ. ಬೇರೆಯವರ ಹಾರ ತುರಾಯಿಗಿಂತ ಅದು ದೊಡ್ಡದು ಎಂದು ಇಂದಿಗೂ ಹೇಳಿಕೊಳ್ಳುತ್ತೇನೆ.

ಮುಂದಿನ ಒಂದೆರಡು ವರ್ಷಗಳಲ್ಲಿ ಎಲ್ಲವೂ ಬದಲಾಯಿತು. ಸಲೀಂಭಾಯಿ ಅಂಗಡಿ ಮುಚ್ಚಿ ಅದೇ ಜಾಗದಲ್ಲಿ ಟೆಲಿಫೋನ್ ಬೂತು ಹಾಕಿದರು. ಸಾಂಗ್ಲಿಯಲ್ಲಿ ಗಾಜಿನ ಬಾಗಿಲಿನ ಹೊಸ ಹೊಸ ಆಸ್ಪತ್ರೆಗಳು ಎದ್ದವು. ಮೊಣಕಾಲನ್ನು ತಾನೇ ಮಡಚಿ ಬಿಡಿಸುವ ಯಂತ್ರ ನಮ್ಮಲ್ಲಿಗೂ ಬಂತು. ಕಾಲನ್ನು ಅದರ ತೊಟ್ಟಿಲಲ್ಲಿಟ್ಟು ಗುಂಡಿ ಒತ್ತಿದರೆ ಆಯಿತು, ಅದು ಬೇಸರವಿಲ್ಲದೆ ಮಡಚುತ್ತಿರುತ್ತದೆ, ರೋಗಿ ನಿದ್ದೆ ಹೋದರೂ ಮಡಚುತ್ತಿರುತ್ತದೆ. ನಾನು ಅದನ್ನು ಹಳಿಯುವವಳಲ್ಲ. ಹಾಗೆ ಬಂದ ಮೊದಲ ಯಂತ್ರವನ್ನು ಕಲಿತು ಉಳಿದವರಿಗೆ ಕಲಿಸಿದವಳೇ ನಾನು. ಆದರೆ ಯಂತ್ರ ನಿಂತ ಮೇಲೆ ಕಾಲನ್ನು ಮಡಚಬೇಕಾದವರು ಮನುಷ್ಯರೇ. ಅವರಿಗೆ ಯಾಕೆ ಮನಸ್ಸಿಲ್ಲ ಎಂದು ತಿಳಿಯಬೇಕಾದರೆ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂರಬೇಕು. ಹೊಸ ಹುಡುಗಿಯರಿಗೆ ಇದನ್ನೇ ಒತ್ತಿ ಹೇಳಿದೆ.

ಆ ದಿನಗಳಲ್ಲೇ ಒಮ್ಮೆ ಧನಪಾಲ ಆಸ್ಪತ್ರೆಗೆ ಬಂದರು. ಬಾಗಿಲಲ್ಲೇ ನಿಂತು, “ನಾಳೆ ಊರಾಗ ಪಂದ್ಯ ಐತ್ರಿ ಅಕ್ಕಾರ. ಬರ್ರಿ” ಎಂದರು.

“ಆಡ್ತಾಳ ಏನು ಆಕಿ?”

“ಆಕೀನ್ನ ಕೇಳ್ರಿ. ನಾ ಕೇಳೂದ ಬಿಟ್ಟೇನಿ” ಎಂದು ನಕ್ಕರು.

ಮರುದಿನ ಸಂಜೆ ಬುಧಗಾಂವಕ್ಕೆ ಹೋದೆ. ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಜನ ಸುತ್ತಲೂ ಕುಳಿತಿದ್ದರು. ರೇಖಾ ಆಡಿದಳು. ಮೊದಲಿನ ಚುರುಕು ಇರಲಿಲ್ಲ, ಅದು ನನಗೂ ಕಂಡಿತು. ಎರಡು ಸಲ ಮುಟ್ಟಿ ಬಂದಳು. ಮೂರನೆಯ ಸಲ ಎದುರಿನವರು ನಾಲ್ವರು ಕೂಡಿ ಅವಳನ್ನು ಕೆಡವಿ ಮೇಲೆ ಬಿದ್ದರು. ಪಕ್ಕದಲ್ಲಿದ್ದ ಧನಪಾಲ ನನ್ನ ಕೈ ಹಿಡಿದುಕೊಂಡರು. ಅವಳು ಮಣ್ಣು ಕೊಡವಿಕೊಂಡು ಎದ್ದು ಹೊರಗೆ ನಡೆದಳು. ಅವಳ ತಂಡ ಸೋತಿತು. ಜನರೆಲ್ಲ ಪಾಯಿಂಟು ಎಣಿಸುತ್ತಿದ್ದರು, ನಾನು ಆ ಒಂದು ಮೊಣಕಾಲನ್ನಲ್ಲದೆ ಬೇರೇನನ್ನೂ ನೋಡಲಿಲ್ಲ.

ಪಂದ್ಯ ಮುಗಿದು ಜನ ಎದ್ದು ಹೊರಟರು. ಬಯಲಿನ ಅಂಚಿಗೆ ತಗ್ಗಾದ ಒಂದು ನಲ್ಲಿ ಇತ್ತು. ರೇಖಾ ಗೆಳತಿಯರ ಜೊತೆ ಯಾವುದೋ ಚಢಾಯಿಯ ಬಗ್ಗೆ ವಾದಿಸುತ್ತ ಅಲ್ಲಿಗೆ ಬಂದಳು. ನನ್ನನ್ನು ಇನ್ನೂ ನೋಡಿರಲಿಲ್ಲ. ವಾದಿಸುತ್ತಲೇ ಕುಕ್ಕರುಗಾಲಿನಲ್ಲಿ ಪೂರ್ತಿ ಕೆಳಗೆ ಕುಳಿತಳು. ಎರಡೂ ಮೊಣಕಾಲು ಮಡಚಿ ಎದೆಗೆ ಹತ್ತಿದವು. ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು, ಬೊಗಸೆಯಲ್ಲಿ ನೀರು ಹಿಡಿದು ಕುಡಿದಳು, “ನೀ ಹಿಡೀಬೇಕಿತ್ತು, ಬಿಟ್ಟಿ” ಎಂದು ಗೆಳತಿಯನ್ನು ಬೈದಳು. ಹಾಗೆಯೇ ಕುಳಿತು ಬಹಳ ಹೊತ್ತು ಮಾತಾಡಿದಳು.

ತಾನು ಹೇಗೆ ಕುಳಿತಿದ್ದೇನೆ ಎಂಬುದು ಅವಳ ಲಕ್ಷ್ಯದಲ್ಲೇ ಇರಲಿಲ್ಲ. ನಾನು ದೂರದಲ್ಲಿ ನಿಂತು ಮನಸ್ಸು ತುಂಬ ನೋಡಿದೆ, ಕರೆಯಲಿಲ್ಲ. ಆಮೇಲೆ ಸಾಂಗ್ಲಿಯ ಬಸ್ಸು ಬಂತು, ಹತ್ತಿ ಕುಳಿತ ಮೇಲೂ ಮುಖದ ಮೇಲಿನ ನಗು ಇಳಿದಿರಲಿಲ್ಲ. ಕಂಡಕ್ಟರು ಟಿಕೀಟು ಹರಿಯುತ್ತ, “ಏನ್ರಿ ಅಕ್ಕಾರ, ನಿಮ್ಮವ್ರು ಗೆದ್ರು ಏನು?” ಎಂದು ಕೇಳಿದ.

“ಹೌದಪಾ, ಗೆದ್ರು” ಎಂದೆ.